ಕಟ್ಟಿದ ಶಾಲೆಯನ್ನೇ ತೊರೆದ ಅಧ್ಯಾಪಕ ತಿಲಕ

ಲೋಕಮಾನ್ಯ ಬಾಲ ಗಂಗಾಧರ ತಿಲಕರೆಂದರೆ ಸಾರ್ವಜನಿಕ ಗಣೇಶೋತ್ಸವ, ‘ಕೇಸರಿ’ ಪತ್ರಿಕೆ, ಮಂಡಾಲೆಯ ಸೆರೆಮನೆ ನೆನಪಾಗುತ್ತವೆ. ಆದರೆ ರಾಜಕೀಯ ನಾಯಕರಾಗುವ ಮುನ್ನ ಸುಮಾರು ಹತ್ತು ವರ್ಷ ಅವರು ಪುಣೆಯಲ್ಲಿ ಗಣಿತ ಮತ್ತು ಸಂಸ್ಕೃತ ಕಲಿಸುತ್ತಿದ್ದ ಅಧ್ಯಾಪಕರು.

1856ರ ಜುಲೈ 23ರಂದು ರತ್ನಾಗಿರಿಯಲ್ಲಿ ಜನಿಸಿದ ತಿಲಕರು ಡೆಕ್ಕನ್ ಕಾಲೇಜಿನಲ್ಲಿ ಪದವಿ ಪಡೆದು, 1879ರಲ್ಲಿ ಕಾನೂನು ಪರೀಕ್ಷೆಯನ್ನೂ ಮುಗಿಸಿದರು. ವಕೀಲಿ ವೃತ್ತಿ, ಸರ್ಕಾರಿ ನೌಕರಿ ಎರಡೂ ಕೈಗೆಟುಕುವಂತಿದ್ದವು. ಆದರೆ ಕಾಲೇಜಿನ ದಿನಗಳಲ್ಲೇ ಅವರು ಮತ್ತು ಗೆಳೆಯ ಗೋಪಾಲ ಗಣೇಶ ಆಗರ್ಕರ್ ದೇಶದ ಉದ್ಧಾರಕ್ಕೆ ಶಿಕ್ಷಣವೇ ದಾರಿಯೆಂದು ನಿಶ್ಚಯಿಸಿದ್ದರು. ಸರ್ಕಾರಿ ಶಿಕ್ಷಕ ವೃತ್ತಿಗೆ ರಾಜೀನಾಮೆ ನೀಡಿದ್ದ ವಿಷ್ಣುಶಾಸ್ತ್ರಿ ಚಿಪಳೂಣಕರರ ಜತೆಗೂಡಿ 1880ರ ಜನವರಿಯಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭವಾಯಿತು. ಎಂ.ಎ. ಪರೀಕ್ಷೆ ಮುಗಿಸಿ ಆಗರ್ಕರ್ ಮರುವರ್ಷ ಸೇರಿದರು.

ಈ ಪ್ರೌಢಶಾಲೆಯನ್ನು ನಡೆಸಬೇಕಾದವರು ಯಾರು? ಸರ್ಕಾರವೂ ಅಲ್ಲ, ಮಿಷನರಿಗಳೂ ಅಲ್ಲ, ಧನಿಕ ದಾನಿಗಳೂ ಅಲ್ಲ. ಪಾಠ ಹೇಳುವವರೇ ನಡೆಸಬೇಕೆಂಬುದು ಸ್ಥಾಪಕರ ನಿಲುವು. ಮೇಲ್ವಿಚಾರಕರ ಸ್ಥಾನ ಸಂಸ್ಕೃತ ವಿದ್ವಾಂಸ ವಾಮನ ಶಿವರಾಮ ಆಪ್ಟೆಯವರಿಗೆ ಸಂದಿತು. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ ಸ್ಥಾಪನೆಯಾದಾಗ ಈ ನಿಲುವಿಗೆ ನಿಯಮದ ರೂಪ ದೊರೆಯಿತು. ಅಲ್ಪ ವೇತನಕ್ಕೆ ದೀರ್ಘಕಾಲ ದುಡಿಯಲು ಮಾತು ಕೊಟ್ಟ ಅಧ್ಯಾಪಕರು ಆಜೀವ ಸದಸ್ಯರಾದರು. 1885ರಲ್ಲಿ ಫರ್ಗ್ಯುಸನ್ ಕಾಲೇಜು ತೆರೆಯಿತು; ಆಪ್ಟೆ ಅದರ ಮೊದಲ ಪ್ರಾಂಶುಪಾಲರಾದರು.

ಸಮಾನರೇ ಕೂಡಿ ನಡೆಸುವ ಸಂಸ್ಥೆಯಲ್ಲಿ ಭಿನ್ನಮತ ತಲೆದೋರಿದರೆ ತೀರ್ಪು ಹೇಳುವ ಹಿರಿಯರಿರುವುದಿಲ್ಲ. ಹಾಗೆಯೇ ಆಯಿತು. ಆಗರ್ಕರ್ ಸಂಬಳ ಹೆಚ್ಚಿಸಬೇಕೆಂದರು. ತ್ಯಾಗವೇ ಸಂಸ್ಥೆಯ ತಳಹದಿಯೆಂದು ತಿಲಕರು ಒಪ್ಪಲಿಲ್ಲ. ಸದಸ್ಯರು ಹೊರಗಿನ ಕೆಲಸ ಮಾಡಿ ಸಂಪಾದಿಸುವುದನ್ನೂ ಅವರು ವಿರೋಧಿಸಿದರು. ಸಮಾಜ ಸುಧಾರಣೆಯ ಪ್ರಶ್ನೆಯಲ್ಲಿ ಇಬ್ಬರ ನಡುವಣ ಕಂದಕ ಇನ್ನಷ್ಟು ಅಗಲವಾಯಿತು. 1882ರಲ್ಲಿ ಕೊಲ್ಹಾಪುರ ಮಾನನಷ್ಟ ಪ್ರಕರಣದಲ್ಲಿ 101 ದಿನ ಒಟ್ಟಿಗೆ ಸೆರೆವಾಸ ಅನುಭವಿಸಿದ್ದ ಗೆಳೆಯರು ಒಂದೇ ಸಭೆಯಲ್ಲಿ ಎದುರಾಳಿಗಳಾದರು. 1887ರಲ್ಲಿ ಆಗರ್ಕರ್ ‘ಕೇಸರಿ’ಯ ಸಂಪಾದಕತ್ವ ತೊರೆದು, ಮರುವರ್ಷ ‘ಸುಧಾರಕ’ ಪತ್ರಿಕೆ ಆರಂಭಿಸಿದರು.

ಕಿರಿಯ ಸದಸ್ಯ ಗೋಪಾಲ ಕೃಷ್ಣ ಗೋಖಲೆ ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾಗಲು ಒಪ್ಪಿದ್ದು ಕೊನೆಯ ಕಾರಣವಾಯಿತು. ಆಜೀವ ಸದಸ್ಯನ ಸಮಯವೆಲ್ಲ ಸಂಸ್ಥೆಗೇ ಮೀಸಲೆಂಬುದು ತಿಲಕರ ವಾದ. ಸ್ವತಃ ತಿಲಕರೇ ಪತ್ರಿಕೆಗಳಲ್ಲಿ ತೊಡಗಿಕೊಂಡಿದ್ದುದರಿಂದ ಆ ವಾದಕ್ಕೆ ಬಲ ಕಡಿಮೆಯಿತ್ತು. ಬಹುಮತವೂ ಅವರ ಕಡೆಗಿರಲಿಲ್ಲ. 1890ರಲ್ಲಿ ಸುದೀರ್ಘ ರಾಜೀನಾಮೆ ಪತ್ರ ಬರೆದು ತಾವೇ ಕಟ್ಟಿದ ಸಂಸ್ಥೆಯಿಂದ ಹೊರನಡೆದರು.

1892ರಲ್ಲಿ ಆಪ್ಟೆ ನಿಧನರಾದಾಗ ಆಗರ್ಕರ್ ಪ್ರಾಂಶುಪಾಲರಾದರು. ಮೂರೇ ವರ್ಷಗಳಲ್ಲಿ, 1895ರಲ್ಲಿ, ಅವರೂ ತೀರಿಕೊಂಡರು. ಶಾಲೆ ತೊರೆದ ತಿಲಕರಿಗೆ ‘ಕೇಸರಿ’ಯೇ ಪಾಠಶಾಲೆಯಾಯಿತು, ನಾಡೇ ತರಗತಿಯಾಯಿತು. 1920ರ ಆಗಸ್ಟ್ 1ರಂದು ಅವರು ನಿಧನರಾದರು. ಸ್ಥಾಪಕರ ಜಗಳವನ್ನು ಮೀರಿ ಶಾಲೆ ಮತ್ತು ಕಾಲೇಜು ಉಳಿದವು. ಅಧ್ಯಾಪಕರೇ ಶಾಲೆ ನಡೆಸಬಲ್ಲರೆಂಬ ಅವರ ನಂಬಿಕೆ ಸುಳ್ಳಾಗಲಿಲ್ಲ. ಅದಕ್ಕೆ ತೆತ್ತ ಬೆಲೆ ಮಾತ್ರ ಒಂದು ಗಾಢ ಸ್ನೇಹ.