ರಕ್ತದ ಕಿರುಬಿಲ್ಲೆ ಗುರುತಿಸಿದ ಬಿಜ್ಜೊಜೆರೊ

ಡೆಂಗಿ ಜ್ವರದ ದಿನಗಳು ಬಂದವೆಂದರೆ ರಾಜ್ಯದ ಆಸ್ಪತ್ರೆಗಳ ಮುಂದೆ ಕಾದು ನಿಂತ ಬಂಧುಗಳ ಮಾತೆಲ್ಲ ಒಂದೇ ಅಂಕಿಯ ಸುತ್ತ ತಿರುಗುತ್ತದೆ. ಅದು ರೋಗಿಯ ಪ್ಲೇಟ್‌ಲೆಟ್ ಸಂಖ್ಯೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ ಈ ಕಿರುಬಿಲ್ಲೆಗಳ ಹೆಸರು ಇಂದು ಮನೆಮಾತಾಗಿದೆ. ಆದರೆ ಅವು ರಕ್ತದ ಸ್ವತಂತ್ರ ಘಟಕವೆಂದು ಸಾಧಿಸಿ, ಅವುಗಳ ಕೆಲಸವನ್ನೂ ತೋರಿಸಿಕೊಟ್ಟ ಇಟಲಿಯ ಜೂಲಿಯೊ ಬಿಜ್ಜೊಜೆರೊನ ಹೆಸರು ವೈದ್ಯಕೀಯ ವಲಯದ ಆಚೆ ಅಷ್ಟಾಗಿ ಕೇಳಿಬರುವುದಿಲ್ಲ.

ಬಿಜ್ಜೊಜೆರೊ ಜನಿಸಿದ್ದು 1846ರ ಮಾರ್ಚ್ 20ರಂದು, ಉತ್ತರ ಇಟಲಿಯ ವರೇಸೆಯಲ್ಲಿ. 1866ರಲ್ಲಿ, ಕೇವಲ ಇಪ್ಪತ್ತರ ಹರೆಯದಲ್ಲಿ ಪಾವಿಯಾ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದ. ಅಲ್ಲಿನ ಪ್ರಯೋಗಶಾಲೆಯಲ್ಲಿ ಆತನಿಂದ ಸೂಕ್ಷ್ಮದರ್ಶಕದ ವಿದ್ಯೆ ಕಲಿತವರಲ್ಲಿ ಕ್ಯಾಮಿಲೊ ಗಾಲ್ಗಿಯೂ ಒಬ್ಬ. ಶಿಷ್ಯನೇ ಗುರುವಿಗಿಂತ ಮೂರು ವರ್ಷ ಹಿರಿಯ! 1868ರಲ್ಲಿ ಬಿಜ್ಜೊಜೆರೊ, ಕೆಂಪು ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ ಎಂಬ ನಿರ್ಧಾರಕ್ಕೆ ಬಂದ. ಅದೇ ವರ್ಷ ಜರ್ಮನಿಯ ಅರ್ನ್ಸ್ಟ್ ನೊಯ್ಮನ್ ಕೂಡ ತನ್ನದೇ ಹಾದಿಯಲ್ಲಿ ಇದೇ ಮಾತಿಗೆ ಬಂದಿದ್ದ. ಮಜ್ಜೆಯಲ್ಲಿದ್ದ ಕೆಲವು ದೈತ್ಯ ಕೋಶಗಳನ್ನೂ ಬಿಜ್ಜೊಜೆರೊ ಆಗಲೇ ಗಮನಿಸಿ ವಿವರಿಸಿದ್ದ. ಅವುಗಳ ಕೆಲಸವೇನೆಂಬುದು ಮಾತ್ರ ತಿಳಿಯಲಿಲ್ಲ.

ಮುಂದೆ ಟ್ಯೂರಿನ್ ನಗರಕ್ಕೆ ಪ್ರಾಧ್ಯಾಪಕನಾಗಿ ಹೋದ ಆತ 1881-82ರಲ್ಲಿ ಪ್ರಕಟಿಸಿದ ಸಂಶೋಧನೆಯೇ ಆತನ ಹೆಸರನ್ನು ಉಳಿಸಿತು. ರಕ್ತದಲ್ಲಿ ಎರಡು-ಮೂರು ಮೈಕ್ರೋಮೀಟರ್ ಅಗಲದ ಬಣ್ಣವಿಲ್ಲದ ಚೂರುಗಳಿರುವುದನ್ನು ಅದಕ್ಕೂ ಮೊದಲು ಹಲವರು ಕಂಡಿದ್ದರು. ಒಡೆದ ಬಿಳಿ ಕಣಗಳ ಅವಶೇಷವೆಂದು ಕೆಲವರು ತಳ್ಳಿಹಾಕಿದರೆ, ಕೆಂಪು ಕಣಗಳ ಎಳೆಯ ರೂಪವೆಂದು ಫ್ರಾನ್ಸಿನ ಜಾರ್ಜ್ ಹಯೆಮ್ ವಾದಿಸಿದ್ದ. ದೇಹದಿಂದ ಹೊರತೆಗೆದ ರಕ್ತವನ್ನಷ್ಟೇ ನೋಡುತ್ತಿದ್ದರೆ ಈ ಜಗಳ ಮುಗಿಯುವಂತಿರಲಿಲ್ಲ, ಏಕೆಂದರೆ ಗಾಜಿನ ಮೇಲೆ ಬಿದ್ದೊಡನೆ ಆ ಚೂರುಗಳು ಮುದ್ದೆಗಟ್ಟುತ್ತವೆ.

ಬಿಜ್ಜೊಜೆರೊ ಜೀವಂತ ಪ್ರಾಣಿಯಲ್ಲೇ ನೋಡಿದ. ಮತ್ತು ಬರಿಸಿದ ಗಿನಿಪಿಗ್‌ನ ಕರುಳಿಗೆ ಅಂಟಿದ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿದಾಗ, ಅದರ ಸಣ್ಣ ನಾಳಗಳಲ್ಲಿ ಕೆಂಪು, ಬಿಳಿ ಕಣಗಳ ಜೊತೆಗೆ ಈ ಬಿಲ್ಲೆಗಳೂ ಒಂದೊಂದಾಗಿ ಹರಿದುಹೋಗುತ್ತಿದ್ದವು. ಅಂದಮೇಲೆ ಅವು ಅವಶೇಷವಲ್ಲ. ನಂತರ ನಾಳವನ್ನು ಒಂದೆಡೆ ಘಾಸಿಗೊಳಿಸಿದ. ಎಲ್ಲಕ್ಕಿಂತ ಮೊದಲು ಅಲ್ಲಿಗೆ ಅಂಟಿಕೊಂಡವು ಇವೇ ಬಿಲ್ಲೆಗಳು. ಒಂದರ ಮೇಲೊಂದು ಕೂಡಿ, ಗಾಯಕ್ಕೆ ಬೆಣೆ ಜಡಿದಂತೆ ನಿಂತವು. ರಕ್ತಸ್ರಾವ ತಡೆಯುವ ಬೆಣೆಯೂ, ನಾಳವನ್ನೇ ಮುಚ್ಚಿಬಿಡುವ ಗಡ್ಡೆಯೂ ಇವುಗಳಿಂದಲೇ ಆರಂಭವಾಗುತ್ತವೆ ಎಂಬುದು ಆತನ ಮುಖ್ಯ ನಿರ್ಣಯ. ಇಟಾಲಿಯನ್ ಭಾಷೆಯಲ್ಲಿ ಆತ ಇಟ್ಟ ಹೆಸರು ಪಿಯಾಸ್ತ್ರಿನೆ, ಅಂದರೆ ಪುಟ್ಟ ಬಿಲ್ಲೆಗಳು.

ಹಾಗೆ ಅಂಟಿಸುವ ಬಲ ಯಾವುದು ಎಂಬುದಕ್ಕೆ ಉತ್ತರ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಘಾಸಿಯಾದ ನಾಳದ ಗೋಡೆಯಲ್ಲಿ ಬಯಲಾಗುವ ಕೊಲಾಜೆನ್‌ಗೆ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನು ಅಂಟುತ್ತದೆ. ಹರಿಯುವ ಕಿರುಬಿಲ್ಲೆ ತನ್ನ ಮೈಮೇಲಿನ ಒಂದು ಗ್ಲೈಕೊಪ್ರೋಟೀನಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ಬಳಿಕ ಮತ್ತೊಂದು ಗ್ಲೈಕೊಪ್ರೋಟೀನು ಜಾಗೃತವಾಗಿ, ಫೈಬ್ರಿನೊಜನ್ ಎಂಬ ಸೇತುವೆಯ ಮೂಲಕ ಬಿಲ್ಲೆಗೆ ಬಿಲ್ಲೆಯನ್ನು ಬೆಸೆಯುತ್ತದೆ. ಮೊದಲನೆಯದರ ಕೊರತೆಯೇ 1948ರಲ್ಲಿ ವರದಿಯಾದ ಬರ್ನಾರ್ಡ್-ಸೂಲಿಯೆ ರೋಗಕ್ಕೆ ಕಾರಣ. ಎರಡನೆಯದರ ಕೊರತೆ, 1918ರಲ್ಲಿ ಗ್ಲಾನ್ಸ್‌ಮನ್ ವರ್ಣಿಸಿದ ರೋಗಕ್ಕೆ. ಇವೆರಡರಲ್ಲೂ ಸಣ್ಣ ಗಾಯವೂ ಸುಲಭವಾಗಿ ನಿಲ್ಲದು. ಇದೇ ಅಂಟು ಹೃದಯದ ನಾಳದಲ್ಲಿ ಅತಿಯಾದರೆ ಹೃದಯಾಘಾತ. ಅದನ್ನು ತಡೆಯಲು ಕೊಡುವ ಆಸ್ಪಿರಿನ್, ಕಿರುಬಿಲ್ಲೆಯ ಒಂದು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕೋಶಕೇಂದ್ರವೇ ಇಲ್ಲದ ಈ ಬಿಲ್ಲೆ ಆ ಕಿಣ್ವವನ್ನು ಹೊಸದಾಗಿ ತಯಾರಿಸಿಕೊಳ್ಳಲಾರದು. ತನ್ನ ಏಳರಿಂದ ಹತ್ತು ದಿನಗಳ ಆಯುಷ್ಯವನ್ನು ಹಾಗೆಯೇ ಕಳೆಯುತ್ತದೆ. ದಿನಕ್ಕೊಂದು ಸಣ್ಣ ಮಾತ್ರೆ ಸಾಕಾಗುವುದು ಇದರಿಂದಲೇ.

ಬಿಜ್ಜೊಜೆರೊನ ವಾದಕ್ಕೆ ಆತನ ಕಾಲದಲ್ಲಿ ವಿರೋಧ ಕಡಿಮೆಯಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಣ್ಣಿಗೆ. 1890ರ ಸುಮಾರಿಗೆ ಕಣ್ಣಿನ ಒಳಪದರದ ಉರಿಯೂತ ಆತನನ್ನು ಸೂಕ್ಷ್ಮದರ್ಶಕದಿಂದ ದೂರಮಾಡಿತು. ಅದನ್ನೇ ನೆಚ್ಚಿ ಬದುಕಿದವನಿಗೆ ಇದು ಸಾಮಾನ್ಯ ನಷ್ಟವಲ್ಲ. ಆದರೂ ಸುಮ್ಮನೆ ಕೂರದೆ, 1890ರಲ್ಲಿ ಇಟಲಿಯ ಸೆನೆಟ್ ಸದಸ್ಯನಾಗಿ ನೇಮಕಗೊಂಡ ಆತ ಸಾರ್ವಜನಿಕ ಆರೋಗ್ಯ, ನೈರ್ಮಲ್ಯದ ಪರವಾಗಿ ಬರೆದ, ದುಡಿದ. 1901ರ ಏಪ್ರಿಲ್ 8ರಂದು ನ್ಯುಮೋನಿಯಾದಿಂದ ಟ್ಯೂರಿನ್‌ನಲ್ಲಿ ನಿಧನನಾದಾಗ ವಯಸ್ಸು 55.

ಐದು ವರ್ಷಗಳ ಬಳಿಕ, 1906ರಲ್ಲಿ, ಶಿಷ್ಯ ಗಾಲ್ಗಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅದೇ ವರ್ಷ ಅಮೆರಿಕದ ಜೇಮ್ಸ್ ಹೋಮರ್ ರೈಟ್, ಕಿರುಬಿಲ್ಲೆಗಳ ಮೂಲವನ್ನು ಪತ್ತೆಹಚ್ಚಿದ. ಮೂಳೆಮಜ್ಜೆಯಲ್ಲಿ ಬಿಜ್ಜೊಜೆರೊ ತನ್ನ ತಾರುಣ್ಯದಲ್ಲೇ ಕಂಡಿದ್ದ ಅದೇ ದೈತ್ಯ ಕೋಶಗಳಿಂದ ಅವು ಕಳಚಿಕೊಂಡು ಬರುತ್ತಿದ್ದವು.