ಪಥಸಂಚಲನಕ್ಕೆ ಮೌನ ಬೆರೆತ ಕಾಲದ ದೊರೆ ಐದನೇ ಜಾರ್ಜ್

ಬ್ರಿಟನ್ ಎಂದೊಡನೆ ಬಹುತೇಕರ ಕಣ್ಣ ಮುಂದೆ ಬರುವುದು ಕೆಂಪು ಕೋಟು, ಕರಡಿಯ ತುಪ್ಪಳದ ಎತ್ತರದ ಟೋಪಿ ತೊಟ್ಟು ಒಂದೇ ಅಳತೆಯ ಹೆಜ್ಜೆ ಹಾಕುವ ಸೈನಿಕರ ಸಾಲು. ಜೂನ್ ತಿಂಗಳಲ್ಲಿ ಲಂಡನ್ನಿನ ಹಾರ್ಸ್ ಗಾರ್ಡ್ಸ್ ಮೈದಾನದಲ್ಲಿ ನಡೆಯುವ ಆ ಪಥಸಂಚಲನ ಅರಸನ ಹುಟ್ಟುಹಬ್ಬದ ಉತ್ಸವ. ಅಲ್ಲಿಂದ ಕೂಗಳತೆಯ ದೂರದ ವೈಟ್‌ಹಾಲ್ ಬೀದಿಯಲ್ಲಿ ನವೆಂಬರ್‌ನ ಎರಡನೇ ಭಾನುವಾರ ಇನ್ನೊಂದು ಸೇನಾ ಸಮಾರಂಭ ಜರುಗುತ್ತದೆ. ಅಲ್ಲಿ ಕೆಂಪು ಕೋಟಿನ ಮೆರುಗಿಲ್ಲ. ಎರಡು ನಿಮಿಷ ಸದ್ದೂ ಇಲ್ಲ. ಮೊದಲನೆಯದಕ್ಕೆ ಎರಡೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಎರಡನೆಯದರ ವಯಸ್ಸು ನೂರು ವರ್ಷಗಳಿಗಿಂತ ತುಸು ಹೆಚ್ಚು. ಮೊದಲನೆಯದನ್ನು ಮನಸಾರೆ ಪ್ರೀತಿಸಿ, ಎರಡನೆಯದಕ್ಕೆ ಅರೆಮನಸ್ಸಿನಿಂದಲೇ ತಲೆಬಾಗಿ, ಕೊನೆಗೆ ಅದರ ಮುಖ್ಯ ಪಾತ್ರಧಾರಿಯೇ ಆದವನು ಐದನೇ ಜಾರ್ಜ್.

ಜಾರ್ಜ್ ಜನಿಸಿದ್ದು 1865ರ ಜೂನ್ 3ರಂದು, ಲಂಡನ್ನಿನ ಮಾರ್ಲ್‌ಬರೋ ಹೌಸ್‌ನಲ್ಲಿ. ವಿಕ್ಟೋರಿಯಾ ರಾಣಿಯ ಮೊಮ್ಮಗ. ಯುವರಾಜ ಆಲ್ಬರ್ಟ್ ಎಡ್ವರ್ಡ್‌ನ ಎರಡನೇ ಮಗ. ಎರಡನೆಯವನಾದ್ದರಿಂದ ಪಟ್ಟದ ಚಿಂತೆ ಇರಲಿಲ್ಲ. 1877ರಲ್ಲಿ, ಹನ್ನೆರಡರ ಹರೆಯದಲ್ಲಿ, ಅಣ್ಣ ಆಲ್ಬರ್ಟ್ ವಿಕ್ಟರ್‌ನೊಂದಿಗೆ ನೌಕಾಪಡೆಯ ತರಬೇತಿ ಹಡಗು ಸೇರಿದ. ಮುಂದಿನ ಸುಮಾರು ಹದಿನೈದು ವರ್ಷ ಹಡಗಿನ ಬದುಕೇ ಅವನ ಶಾಲೆ. ಹೊತ್ತಿಗೆ ಸರಿಯಾಗಿ ಏಳುವುದು, ಹೊಳೆಯುವಂತೆ ಉಜ್ಜಿದ ಗುಂಡಿ, ಕೊಟ್ಟ ಆಜ್ಞೆಯನ್ನು ಮರುಮಾತಿಲ್ಲದೆ ಪಾಲಿಸುವುದು, ಇವೆಲ್ಲ ಅವನ ರಕ್ತಕ್ಕಿಳಿದದ್ದು ಅಲ್ಲಿಯೇ. 1892ರ ಜನವರಿಯಲ್ಲಿ ಅಣ್ಣ ಇನ್‌ಫ್ಲುಯೆಂಜಾದಿಂದ ತೀರಿಕೊಂಡ. ಸಿಂಹಾಸನದ ಹಾದಿಯ ಜೊತೆಗೆ ಅಣ್ಣನಿಗೆ ನಿಶ್ಚಯವಾಗಿದ್ದ ವಧುವೂ ತಮ್ಮನ ಪಾಲಿಗೆ ಬಂದಳು. 1893ರ ಜುಲೈ 6ರಂದು ಟೆಕ್ ಮನೆತನದ ಮೇರಿಯೊಂದಿಗೆ ವಿವಾಹವಾಯಿತು. ಆ ದಾಂಪತ್ಯ ಗಟ್ಟಿಯಾಗಿಯೇ ನಿಂತಿತು.

ಸ್ವಭಾವತಃ ಅವನು ಆಕರ್ಷಕ ವ್ಯಕ್ತಿಯೇನಲ್ಲ. ಅಂಚೆಚೀಟಿ ಸಂಗ್ರಹ, ಬೇಟೆ, ಗಡಿಯಾರ, ಉಡುಪು ಇವಿಷ್ಟೇ ಅವನ ಆಸಕ್ತಿಗಳು ಎಂದು ಟೀಕಿಸಿದವರುಂಟು. ಮಕ್ಕಳ ಉಡುಪಿನಲ್ಲಿ ಕಾಣುವ ಸಣ್ಣ ಲೋಪವೂ ಅವನನ್ನು ಕೆರಳಿಸುತ್ತಿತ್ತು. ಆದರೆ ಸೇನಾ ಮೆರವಣಿಗೆಯ ಮಟ್ಟಿಗೆ ಈ ಕಟ್ಟುನಿಟ್ಟು ದೋಷವಾಗದೆ ಗುಣವೇ ಆಯಿತು.

ಜೂನ್ ಪಥಸಂಚಲನದ ಹೆಸರು ಟ್ರೂಪಿಂಗ್ ದಿ ಕಲರ್. ಇಲ್ಲಿ ಕಲರ್ ಎಂದರೆ ರೆಜಿಮೆಂಟಿನ ಧ್ವಜ. ಮದ್ದುಗುಂಡಿನ ಹೊಗೆ ಕವಿದ ರಣರಂಗದಲ್ಲಿ ಚದುರಿದ ಸೈನಿಕ ತನ್ನವರನ್ನು ಗುರುತಿಸಿ ಬಂದು ಸೇರಲು ಧ್ವಜವೇ ದಾರಿ. ಆದ್ದರಿಂದ ಅದು ಎಲ್ಲರ ಕಣ್ಣಿಗೂ ಪರಿಚಿತವಾಗಲೆಂದು ಸಾಲುಗಳ ನಡುವೆ ಅದನ್ನು ಹಿಡಿದು ನಡೆಯುವ ರೂಢಿ ಬೆಳೆಯಿತು. 1748ರಲ್ಲಿ ಈ ಕವಾಯತನ್ನು ಅರಸನ ಜನ್ಮದಿನಕ್ಕೆ ಹೊಂದಿಸಲಾಯಿತು. 1760ರಲ್ಲಿ ಮೂರನೇ ಜಾರ್ಜ್ ಪಟ್ಟವೇರಿದ ನಂತರ ಅದು ವಾರ್ಷಿಕ ಆಚರಣೆಯಾಯಿತು. ಜಾರ್ಜ್‌ನ ತಂದೆ ಏಳನೇ ಎಡ್ವರ್ಡ್ ಹುಟ್ಟಿದ್ದು ನವೆಂಬರ್ 9ರಂದು. ಲಂಡನ್ನಿನ ಮಂಜು, ಮಳೆಯ ಕಾಲ. ಹೀಗಾಗಿ ಅವನ ಕಾಲದಲ್ಲಿ ಉತ್ಸವವನ್ನು ಬೇಸಿಗೆಯಲ್ಲೇ ಆಚರಿಸಲಾಯಿತು. ಅರಸನ ನಿಜವಾದ ಹುಟ್ಟುಹಬ್ಬ ಒಂದು, ಸರ್ಕಾರಿ ಹುಟ್ಟುಹಬ್ಬ ಇನ್ನೊಂದು ಎಂಬ ವಿಚಿತ್ರ ಪದ್ಧತಿಗೆ ಹವಾಮಾನವೇ ಕಾರಣ. ಜೂನ್‌ನಲ್ಲೇ ಹುಟ್ಟಿದ ಮಗನಿಗೆ ಆ ತಾಪತ್ರಯವಿರಲಿಲ್ಲ.

ಯುವರಾಜನಾಗಿದ್ದಾಗ ಜಾರ್ಜ್ ನಮ್ಮ ನಾಡಿಗೂ ಬಂದಿದ್ದ. 1906ರ ಆರಂಭದಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಅತಿಥಿಯಾಗಿ ಆನೆಗಳ ಖೆಡ್ಡಾ ನೋಡಿದ. ಫೆಬ್ರವರಿ 5ರಂದು ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿ ತನ್ನ ಅಜ್ಜಿ ವಿಕ್ಟೋರಿಯಾಳ ಪ್ರತಿಮೆಯನ್ನು ಅನಾವರಣಗೊಳಿಸಿದ. ಆ ಪ್ರತಿಮೆಯ ಪಕ್ಕದಲ್ಲಿ ನಿತ್ಯ ಓಡಾಡುವ ಬೆಂಗಳೂರಿಗರಲ್ಲಿ ಅದರ ತೆರೆ ಸರಿಸಿದವನ ಹೆಸರು ಬಲ್ಲವರು ಕಡಿಮೆ.

1910ರ ಮೇ ತಿಂಗಳಲ್ಲಿ ತಂದೆ ನಿಧನನಾದ. ಮರುವರ್ಷ ಜೂನ್ 22ರಂದು ಜಾರ್ಜ್‌ನ ಪಟ್ಟಾಭಿಷೇಕ ನಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ದರ್ಬಾರು. ಸಾಮ್ರಾಜ್ಯದ ಆಡಂಬರಕ್ಕೆ ಅದಕ್ಕಿಂತ ಎತ್ತರದ ಶಿಖರ ಮತ್ತೆ ಬರಲಿಲ್ಲ. ಬ್ರಿಟನ್ನಿನ ಕಿರೀಟ ದೇಶ ಬಿಟ್ಟು ಹೋಗುವಂತಿಲ್ಲ ಎಂಬ ನಿಯಮಕ್ಕಾಗಿ ಹೊಸ ಕಿರೀಟವನ್ನೇ ಮಾಡಿಸಲಾಗಿತ್ತು. ಡಿಸೆಂಬರ್ 7ರಂದು ದೊರೆಯ ನಗರ ಪ್ರವೇಶ. ಆನೆಯ ಮೇಲೆ ಅಂಬಾರಿಯಲ್ಲಿ ಚಕ್ರವರ್ತಿ ಬರುವನೆಂದು ಜನ ಕಾದಿದ್ದರು. ಅವನು ಬಂದದ್ದು ಫೀಲ್ಡ್ ಮಾರ್ಷಲ್‌ನ ಉಡುಪಿನಲ್ಲಿ, ಕುದುರೆಯ ಮೇಲೆ, ಅಂಥದೇ ಉಡುಪಿನ ಹಲವು ಅಧಿಕಾರಿಗಳ ಮಧ್ಯೆ. ದಾರಿಯುದ್ದಕ್ಕೂ ನೆರೆದಿದ್ದವರಲ್ಲಿ ಬಹಳ ಮಂದಿ ದೊರೆ ತಮ್ಮೆದುರಿಗೇ ಹಾದುಹೋದರೂ ಗುರುತು ಹಿಡಿಯಲಿಲ್ಲ. ಡಿಸೆಂಬರ್ 12ರ ದರ್ಬಾರಿನಲ್ಲಿ ಬಂಗಾಳ ವಿಭಜನೆಯ ರದ್ದತಿ ಮತ್ತು ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಸ್ಥಳಾಂತರಿಸುವ ನಿರ್ಧಾರ ಪ್ರಕಟವಾದವು.

1914ರ ಜೂನ್‌ನಲ್ಲಿ ಹುಟ್ಟುಹಬ್ಬದ ಪಥಸಂಚಲನ ಮುಗಿದ ಮೇಲೆ ಜಾರ್ಜ್ ತಾನೇ ಕುದುರೆಯೇರಿ, ಗಾರ್ಡ್ಸ್ ಪಡೆಯ ಮುಂದೆ ಮಾಲ್ ರಸ್ತೆಯಲ್ಲಿ ಅರಮನೆಗೆ ಮರಳುವ ಪದ್ಧತಿಯನ್ನು ಆರಂಭಿಸಿದ. ಎರಡು ತಿಂಗಳಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಕೆಂಪು ಕೋಟುಗಳು ಪೆಟ್ಟಿಗೆ ಸೇರಿದವು. ಸೈನ್ಯವೆಲ್ಲ ಖಾಕಿ ತೊಟ್ಟಿತು. ಮಣ್ಣಿನ ಬಣ್ಣ ಎಂಬ ಅರ್ಥದ ಆ ಪದವೇ ಬ್ರಿಟಿಷ್ ಸೇನೆಗೆ ಭಾರತದಿಂದ ಹೋದದ್ದು. 1915ರಿಂದ 1918ರವರೆಗೆ ಧ್ವಜದ ಪಥಸಂಚಲನ ನಡೆಯಲೇ ಇಲ್ಲ.

ಆದರೂ ಯುದ್ಧದ ನಡುವೆಯೇ ಒಂದು ಹೊಸ ಗಾರ್ಡ್ಸ್ ರೆಜಿಮೆಂಟ್ ಹುಟ್ಟಿತು. 1915ರ ಫೆಬ್ರವರಿ 26ರಂದು ದೊರೆಯ ಆಜ್ಞೆಯಿಂದ ವೆಲ್ಶ್ ಗಾರ್ಡ್ಸ್ ರಚನೆಯಾಗಿ, ಮಾರ್ಚ್ 1ರಂದೇ ಅರಮನೆಯ ಕಾವಲಿಗೆ ನಿಂತಿತು. ಇದರಿಂದ ಗಾರ್ಡ್ಸ್ ಪದಾತಿ ರೆಜಿಮೆಂಟುಗಳು ಐದಾದವು. ದೂರದಿಂದ ಎಲ್ಲವೂ ಒಂದೇ ಕೆಂಪು; ಹತ್ತಿರ ಹೋದರೆ ಗುಂಡಿಗಳೇ ಗುರುತು. ಗ್ರೆನೇಡಿಯರ್‌ಗಳಿಗೆ ಬಿಡಿಬಿಡಿಯಾಗಿ, ಕೋಲ್ಡ್‌ಸ್ಟ್ರೀಮ್‌ನವರಿಗೆ ಎರಡೆರಡು, ಸ್ಕಾಟರಿಗೆ ಮೂರು ಮೂರು, ಐರಿಷರಿಗೆ ನಾಲ್ಕು ನಾಲ್ಕು, ವೇಲ್ಸ್‌ನವರಿಗೆ ಐದೈದು.

ಯುದ್ಧಕಾಲದಲ್ಲಿ ಜಾರ್ಜ್ 450ಕ್ಕೂ ಹೆಚ್ಚು ಬಾರಿ ಸೇನಾ ತುಕಡಿಗಳನ್ನು, 300ಕ್ಕೂ ಹೆಚ್ಚು ಬಾರಿ ಆಸ್ಪತ್ರೆಗಳನ್ನು ಸಂದರ್ಶಿಸಿದ. 1915ರ ಅಕ್ಟೋಬರ್ 28ರಂದು ಫ್ರಾನ್ಸ್‌ನಲ್ಲಿ ವಾಯುದಳದವರು ಹಾಕಿದ ಜಯಘೋಷಕ್ಕೆ ಬೆದರಿದ ಕುದುರೆ ಅವನನ್ನು ಕೆಡವಿ ಮೇಲೆ ಬಿತ್ತು. ಸೊಂಟದ ಮೂಳೆ ಮುರಿಯಿತು. ಆ ನೋವು ಪೂರ್ತಿಯಾಗಿ ಎಂದೂ ವಾಸಿಯಾಗಲಿಲ್ಲ. ಇದಾದ ಮೇಲೂ ಅವನು ಹುಟ್ಟುಹಬ್ಬದ ಪಥಸಂಚಲನಗಳಿಗೆ ಕುದುರೆಯೇರಿಯೇ ಹೋಗುತ್ತಿದ್ದ. 1917ರಲ್ಲಿ ಜರ್ಮನ್ ಮೂಲದ ಮನೆತನದ ಹೆಸರನ್ನು ಕೈಬಿಟ್ಟು ವಿಂಡ್ಸರ್ ಎಂಬ ಹೆಸರಿಟ್ಟುಕೊಂಡ.

ಬ್ರಿಟಿಷ್ ಸೇನಾ ಮೆರವಣಿಗೆಯ ಅರ್ಥವೇ ಬದಲಾದದ್ದು 1919ರಲ್ಲಿ. ಆ ಜೂನ್‌ನಲ್ಲಿ ಹುಟ್ಟುಹಬ್ಬದ ಪಥಸಂಚಲನ ನಡೆದದ್ದು ಹೈಡ್ ಪಾರ್ಕ್‌ನಲ್ಲಿ, ಖಾಕಿಯಲ್ಲೇ. ಜುಲೈ 19ರಂದು ವಿಜಯದ ಮೆರವಣಿಗೆ. ಫ್ರಾನ್ಸ್‌ನ ಫೋಶ್, ಅಮೆರಿಕದ ಪರ್ಶಿಂಗ್, ಬ್ರಿಟನ್ನಿನ ಹೇಗ್ ಮುಂತಾದ ಸೇನಾನಿಗಳ ಹಿಂದೆ ಸುಮಾರು 15,000 ಸೈನಿಕರು ಹೆಜ್ಜೆ ಹಾಕಿದರು. ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಜಾರ್ಜ್ ವಂದನೆ ಸ್ವೀಕರಿಸಿದ. ಆದರೆ ಅಂದು ಜನರ ಮನಸ್ಸನ್ನು ಹಿಡಿದಿಟ್ಟದ್ದು ಸೇನಾನಿಗಳೂ ಅಲ್ಲ, ದೊರೆಯೂ ಅಲ್ಲ. ವೈಟ್‌ಹಾಲ್ ನಡುವೆ ಮರ ಮತ್ತು ಗಾರೆಯಿಂದ ಅವಸರದಲ್ಲಿ ಎಬ್ಬಿಸಿದ್ದ ಒಂದು ಸ್ಮಾರಕ. ಹೆಸರು ಸೆನೊಟಾಫ್, ಎಂದರೆ ಬರಿದಾದ ಸಮಾಧಿ. ವಿನ್ಯಾಸಕ ಎಡ್ವಿನ್ ಲಚ್ಯೆನ್ಸ್, ಹೊಸದಿಲ್ಲಿಯನ್ನು ರೂಪಿಸಿದ ಅದೇ ಶಿಲ್ಪಿ. ಮೆರವಣಿಗೆ ಮುಗಿದೊಡನೆ ಅದನ್ನು ಕೆಡವಬೇಕೆಂಬುದು ಮೂಲ ಯೋಜನೆಯಾಗಿತ್ತು.

ಕೆಡವಲು ಜನ ಬಿಡಲಿಲ್ಲ. ಕಾರಣ ಸರಳ. ವಿದೇಶದ ರಣರಂಗದಲ್ಲಿ ಮಡಿದವರ ದೇಹಗಳನ್ನು ತಾಯ್ನಾಡಿಗೆ ತರಬಾರದೆಂದು ಸರ್ಕಾರ ನಿಶ್ಚಯಿಸಿತ್ತು. ಲಕ್ಷಾಂತರ ತಾಯಂದಿರಿಗೆ ಹೂವಿಡಲು ಒಂದು ಗೋರಿಯೂ ಇರಲಿಲ್ಲ. ಅವರು ಆ ಗಾರೆಯ ಕಟ್ಟಡದ ಬುಡಕ್ಕೆ ಹೂ ತಂದು ರಾಶಿ ಹಾಕಿದರು. ಅದೇ ತಿಂಗಳ ಅಂತ್ಯದೊಳಗೆ ಸಚಿವ ಸಂಪುಟ ಅದೇ ಜಾಗದಲ್ಲಿ ಕಲ್ಲಿನ ಸ್ಮಾರಕ ಕಟ್ಟಲು ತೀರ್ಮಾನಿಸಿತು.

ಜುಲೈ 19ರ ಸಾಲಿನಲ್ಲಿ ಭಾರತದ ದಂಡು ಇರಲಿಲ್ಲ. ಅದು ಇಂಗ್ಲೆಂಡ್ ತಲುಪಿದ್ದು ತಡವಾಗಿ. ಆಗಸ್ಟ್ 2ರಂದು ಅದಕ್ಕೆಂದೇ ಬೇರೆ ಮೆರವಣಿಗೆ ಏರ್ಪಟ್ಟು, ಅರಮನೆಯಲ್ಲಿ ಜಾರ್ಜ್ ಅವರನ್ನು ಬರಮಾಡಿಕೊಂಡ. ಆ ಯುದ್ಧದಲ್ಲಿ ಭಾರತದ 70,000ಕ್ಕೂ ಹೆಚ್ಚು ಯೋಧರು ಮಡಿದಿದ್ದರು. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲಿನ ದಾಳಿಯಲ್ಲಿ ಪಾಲ್ಗೊಂಡಿತ್ತು. ಲಂಡನ್ ಬೀದಿಯಲ್ಲಿ ಭಾರತದ ಸೈನಿಕರಿಗೆ ಚಪ್ಪಾಳೆ ಬಿದ್ದಾಗ ಜಲಿಯನ್‌ವಾಲಾಬಾಗ್‌ನ ಗುಂಡಿನ ಸದ್ದಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಆ ದಿನದ ಚಿತ್ರ ಪೂರ್ಣವಾಗದು.

ಯುದ್ಧ ನಿಂತ ದಿನವಾದ ನವೆಂಬರ್ 11ರಂದು, ಬೆಳಿಗ್ಗೆ ಹನ್ನೊಂದಕ್ಕೆ, ಸಾಮ್ರಾಜ್ಯದಾದ್ಯಂತ ಎರಡು ನಿಮಿಷ ಮೌನ ಆಚರಿಸಬೇಕೆಂಬ ಸಲಹೆ ದಕ್ಷಿಣ ಆಫ್ರಿಕದ ಪರ್ಸಿ ಫಿಟ್ಜ್‌ಪ್ಯಾಟ್ರಿಕ್‌ನಿಂದ ಬಂತು. ಜಾರ್ಜ್ ಒಪ್ಪಿ 1919ರ ನವೆಂಬರ್ 7ರಂದು ಕರೆ ನೀಡಿದ. ವಾಹನಗಳು ನಿಂತವು, ಯಂತ್ರಗಳು ನಿಂತವು. ಸೇನೆಯ ಸಮಾರಂಭವೆಂದರೆ ವಾದ್ಯ, ನಗಾರಿ, ಆಜ್ಞೆಯ ಕೂಗು ಎಂದು ತಿಳಿದಿದ್ದ ದೇಶಕ್ಕೆ ಇದು ಹೊಸತು.

ಮರುವರ್ಷದ ಆಲೋಚನೆಗೆ ಮಾತ್ರ ದೊರೆ ಸುಲಭವಾಗಿ ಒಪ್ಪಲಿಲ್ಲ. ಗುರುತು ಸಿಗದ ಒಬ್ಬ ಸೈನಿಕನ ದೇಹವನ್ನು ಫ್ರಾನ್ಸ್‌ನಿಂದ ತಂದು, ಅರಸರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹೂಳಬೇಕೆಂದು ಸೇನಾ ಪಾದ್ರಿ ಡೇವಿಡ್ ರೈಲ್ಟನ್ ಸೂಚಿಸಿದ್ದ. ಯುದ್ಧ ಮುಗಿದು ಎರಡು ವರ್ಷವಾದ ಮೇಲೆ ಇದು ಆರುತ್ತಿರುವ ಗಾಯವನ್ನು ಕೆದಕೀತೆಂದು ಜಾರ್ಜ್ ಅಳುಕಿದ. ಪ್ರಧಾನಿ ಲಾಯ್ಡ್ ಜಾರ್ಜ್ ಅವನನ್ನು ಒಪ್ಪಿಸಿದ. 1920ರ ನವೆಂಬರ್ 11ರಂದು ಅನಾಮಿಕನ ಶವಪೆಟ್ಟಿಗೆ ಹೊತ್ತ ಫಿರಂಗಿ ಗಾಡಿ ವೈಟ್‌ಹಾಲ್‌ಗೆ ಬಂದು ನಿಂತಿತು. ದೊರೆ ಅದರ ಮೇಲೆ ಹೂಮಾಲೆಯಿಟ್ಟ. ಕಲ್ಲಿನ ಸೆನೊಟಾಫ್ ಅನಾವರಣಗೊಳಿಸಿದ. ಮೌನ ಮುಗಿದ ಬಳಿಕ ಗಾಡಿಯ ಹಿಂದೆ ಅಬೆಯವರೆಗೆ ಕಾಲ್ನಡಿಗೆಯಲ್ಲಿ ಸಾಗಿ, ಗುಳಿಗೆ ಫ್ರಾನ್ಸ್‌ನ ಮಣ್ಣು ಹಾಕಿದ. ಕುಲ, ಊರು, ಹುದ್ದೆ ಯಾವುದೂ ತಿಳಿಯದ ಒಬ್ಬನಿಗೆ ಚಕ್ರವರ್ತಿಯೇ ಮನೆಯ ಹಿರಿಯನಂತೆ ನಿಂತು ಉತ್ತರಕ್ರಿಯೆ ನಡೆಸಿದ್ದ. ಅಳುಕಿನಿಂದ ಒಪ್ಪಿದ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದ್ದೇ ಅವನ ದೊಡ್ಡತನ ಎನ್ನಬೇಕು.

ಅದೇ 1920ರಲ್ಲಿ ಕೆಂಪು ಕೋಟು ಮರಳಿತು, ಆದರೆ ಅರಮನೆಯ ಪಡೆಗಳಿಗೆ ಮಾತ್ರ. ಉಳಿದ ಸೇನೆಗೆ ಖಾಕಿಯೇ ಗತಿಯಾಯಿತು. ಹಿಂದೊಮ್ಮೆ ಸೈನಿಕ ಕಾದಾಡಿದ ಉಡುಪಿನಲ್ಲೇ ಮೆರವಣಿಗೆಯಲ್ಲೂ ನಡೆಯುತ್ತಿದ್ದ. ಈಗ ಕಾದುವ ಉಡುಪು ಬೇರೆ, ನೋಡುವವರಿಗಾಗಿ ತೊಡುವ ಉಡುಪು ಬೇರೆ ಎಂಬ ಗೆರೆ ಸ್ಥಿರವಾಯಿತು.

1922ರ ಮೇ ತಿಂಗಳಲ್ಲಿ ಜಾರ್ಜ್ ಫ್ರಾನ್ಸ್ ಮತ್ತು ಬೆಲ್ಜಿಯಂಗೆ ತೆರಳಿ, ಆಡಂಬರವಿಲ್ಲದೆ ಯೋಧರ ಸ್ಮಶಾನಗಳನ್ನು ಸಂದರ್ಶಿಸಿದ. ಮರುತಿಂಗಳು, ಜೂನ್ 12ರಂದು, ವಿಂಡ್ಸರ್ ಕೋಟೆಯಲ್ಲಿ ಇನ್ನೊಂದು ಕಹಿ ಕರ್ತವ್ಯ ಕಾದಿತ್ತು. ಐರ್ಲೆಂಡಿನ ಬಹುಭಾಗ ಪ್ರತ್ಯೇಕವಾದ್ದರಿಂದ ಅಲ್ಲಿನ ಐದು ಪದಾತಿ ರೆಜಿಮೆಂಟುಗಳನ್ನು ವಿಸರ್ಜಿಸಲಾಗಿತ್ತು. ಅವರ ಧ್ವಜಗಳನ್ನು ದೊರೆ ಒಂದೊಂದಾಗಿ ಹಿಂದಕ್ಕೆ ಪಡೆದು ಕೋಟೆಯಲ್ಲಿ ಜೋಪಾನವಾಗಿಡುವ ಭರವಸೆ ಕೊಟ್ಟ. ಅವುಗಳಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಒಂದು. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಮತ್ತು ಮುಂಬಯಿ ಪಡೆಗಳ ವಾರಸುದಾರ. ಅದರ ಯುದ್ಧಗೌರವಗಳ ಪಟ್ಟಿಯಲ್ಲಿ ಮೈಸೂರು, ನಂದಿದುರ್ಗ, ಶ್ರೀರಂಗಪಟ್ಟಣಗಳ ಹೆಸರಿದ್ದವು. ಟಿಪ್ಪುವಿನ ವಿರುದ್ಧ ಗಳಿಸಿದ ಗೌರವ ಹೀಗೆ ಯಾವ ರಣರಂಗದಲ್ಲೂ ಸೋಲದೆ, ಒಂದು ಒಪ್ಪಂದದ ಫಲವಾಗಿ ಮಡಿಕೆಯಾಗಿ ಮೂಲೆ ಸೇರಿತು.

ನಂತರದ ವರ್ಷಗಳು ಅನಾರೋಗ್ಯದವು. 1928ರ ಕೊನೆಯಲ್ಲಿ ರಕ್ತ ನಂಜಾಗಿ ಸಾವಿನ ದವಡೆಗೆ ಹೋಗಿ ಬಂದ. 1935ರ ಮೇ 6ರಂದು ಆಳ್ವಿಕೆಯ ರಜತೋತ್ಸವ. ಜುಲೈನಲ್ಲಿ ಮೂರೂ ಪಡೆಗಳ ಪರಿವೀಕ್ಷಣೆ ನಡೆಯಿತು. ಕುದುರೆ ಬಿಟ್ಟು ಕಾರಿನಲ್ಲಿ ಕುಳಿತು ವಿಮಾನಗಳ ಸಾಲುಗಳನ್ನು ನೋಡಿದ ಆ ವೃದ್ಧ ದೊರೆ, ವಾಯುಪಡೆಯ ಇಂಥ ಪರಿವೀಕ್ಷಣೆ ನಡೆಸಿದ ಮೊದಲ ಅರಸ.

1936ರ ಜನವರಿ 20ರ ನಡುರಾತ್ರಿಗೆ ಮುನ್ನ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ ಜಾರ್ಜ್ ಕೊನೆಯುಸಿರೆಳೆದ. ಸುದ್ದಿ ಸಂಜೆಯ ಹಗುರ ಪತ್ರಿಕೆಗಳಿಗಿಂತ ಮೊದಲು ಬೆಳಗಿನ ಗಂಭೀರ ಪತ್ರಿಕೆಗೆ ಸಿಗಲಿ ಎಂಬುದೂ ಸೇರಿದಂತೆ ಕೆಲವು ಕಾರಣಗಳಿಗಾಗಿ ವೈದ್ಯ ಲಾರ್ಡ್ ಡಾಸನ್ ಚುಚ್ಚುಮದ್ದಿನಿಂದ ಸಾವನ್ನು ತ್ವರಿತಗೊಳಿಸಿದ್ದನೆಂಬುದು ಆತನ ಟಿಪ್ಪಣಿಗಳಿಂದ 1986ರಲ್ಲಿ ಬಯಲಾಯಿತು. ಜೀವಮಾನವಿಡೀ ಗಡಿಯಾರಕ್ಕೆ ತಲೆಬಾಗಿದವನ ಮರಣಕ್ಕೂ ಯಾರೋ ಹೊತ್ತು ಗೊತ್ತುಮಾಡಿದ್ದರು.

ಅವನು ಆರಂಭಿಸಿದ ರೂಢಿಗಳು ಉಳಿದವು. ಮೊಮ್ಮಗಳು ಎರಡನೇ ಎಲಿಜಬೆತ್ 1986ರವರೆಗೂ ಪಥಸಂಚಲನಕ್ಕೆ ಕುದುರೆಯೇರಿ ಬಂದಳು. ನಂತರ ಗಾಡಿ ಹಿಡಿದಳು. 2023ರ ಜೂನ್‌ನಲ್ಲಿ ಮೂರನೇ ಚಾರ್ಲ್ಸ್ ಮತ್ತೆ ಕುದುರೆ ಹತ್ತಿದ. ಎರಡನೇ ಮಹಾಯುದ್ಧದ ಬಳಿಕ ಮೌನದ ಸಮಾರಂಭ ಭಾನುವಾರಕ್ಕೆ ಸರಿಯಿತು.

ಜನವರಿ 28, ಅಂತ್ಯಕ್ರಿಯೆಯ ದಿನ. ನಾವಿಕನಾಗಿದ್ದ ದೊರೆಯ ಶವದ ಫಿರಂಗಿ ಗಾಡಿಯನ್ನು ಎಳೆದವರು ನೌಕಾಪಡೆಯವರು. ಅದಕ್ಕೂ ಮೊದಲು, ಮಧ್ಯರಾತ್ರಿ ಕಳೆದು ಹದಿನೈದು ನಿಮಿಷಕ್ಕೆ, ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಮಂದ ಬೆಳಕಿನಲ್ಲಿ ಅವನ ನಾಲ್ವರು ಗಂಡುಮಕ್ಕಳು ಸಮವಸ್ತ್ರ ತೊಟ್ಟು ಬಂದು, ಕಾವಲಿದ್ದ ಅಧಿಕಾರಿಗಳ ನಡುವೆ ತಲೆ ತಗ್ಗಿಸಿ ನಿಂತರು. ಮುಂದೆ ರಾಣಿ ಮೇರಿ ಆ ದೃಶ್ಯದ ಚಿತ್ರ ಬರೆಸಿ ಹಿರಿಯ ಮಗನಿಗೆ ಕೊಟ್ಟಳು. ಆ ರಾತ್ರಿ ಅಂತಿಮ ದರ್ಶನಕ್ಕೆ ಸಾಲಿನಲ್ಲಿ ಬಂದ ಜನರಲ್ಲಿ ಹೆಚ್ಚಿನವರು, ಎದುರಿಗೆ ನಿಂತಿದ್ದವರು ಯಾರೆಂದು ಗಮನಿಸದೆಯೇ ಮುಂದೆ ಸಾಗಿದರು.