ಅಳಿದ ರಾಜ್ಯ, ಉಳಿದ ಹಾಡು

ಪ್ರತಿ ವರ್ಷವೂ ಪುಷ್ಯ ಬಹುಳ ಪಂಚಮಿಯಂದು, ತಂಜಾವೂರಿಗೆ ಸುಮಾರು 8 ಮೈಲಿ ದೂರದ ತಿರುವೈಯಾರಿನ ಕಾವೇರೀತೀರದಲ್ಲಿ ನೂರಾರು ಮಂದಿ ಗಾಯಕರು ನೆರೆದು, ಶ್ರೀ ತ್ಯಾಗರಾಜಸ್ವಾಮಿಗಳ ಪಂಚರತ್ನ ಕೃತಿಗಳನ್ನು ಏಕಕಂಠದಿಂದ ಹಾಡುವರು. ಆ ವೈಭವವನ್ನು ಕಂಡವರಿಗೆ, ಈ ಮಹನೀಯರು ಶಾಂತಿಸುಭಿಕ್ಷಗಳ ನಡುವೆ ನಿಶ್ಚಿಂತರಾಗಿ ಹಾಡಿಕೊಂಡಿದ್ದರೆಂಬ ಭಾವನೆ ಹುಟ್ಟುವುದು ಸಹಜ. ವಸ್ತುಸ್ಥಿತಿಯು ಅದಕ್ಕೆ ತೀರ ವಿಪರೀತವಾದುದು. ಕಾಲ ಸರಿಯಿಲ್ಲ, ಆಶ್ರಯವಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ಆದುದರಿಂದ ಹಾಡು ಕಟ್ಟುವುದು ಸಾಧ್ಯವಿಲ್ಲವೆಂದು ಕೊರಗುವ ತರುಣರು ನಮ್ಮಲ್ಲಿ ಅನೇಕರುಂಟು. ಅವರ ಸಲುವಾಗಿ ಸ್ವಾಮಿಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸಬಯಸುತ್ತೇವೆ.

ಸ್ವಾಮಿಗಳು 1767ರಲ್ಲಿ ತಿರುವಾರೂರಿನಲ್ಲಿ ತೆಲುಗು ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ರಾಮಬ್ರಹ್ಮಂ, ತಾಯಿ ಸೀತಮ್ಮ. ಬಾಲ್ಯದಲ್ಲಿಯೇ ಕುಟುಂಬವು ತಿರುವೈಯಾರಿಗೆ ಬಂದು ನೆಲಸಿತು. ಬಾಲಕನಿಗೆ ಆರು ವರ್ಷವಾಗಿದ್ದಾಗ, ಅಂದರೆ 1773ರಲ್ಲಿ, ಆರ್ಕಾಟಿನ ನವಾಬನೂ ಇಂಗ್ಲಿಷ್ ಕಂಪೆನಿಯೂ ಸೇರಿ ತಂಜಾವೂರನ್ನು ಹಿಡಿದರು. ಅರಸನಿಗೆ ರಾಜ್ಯವು ಮರಳಿ ದೊರೆತುದು 1776ರಲ್ಲಿ. 1781ರಲ್ಲಿ ಹೈದರಾಲಿಯ ಸೈನ್ಯವು ಆ ಸೀಮೆಯನ್ನು ಸೂರೆಗೊಂಡಿತು. ಆ ಸೈನ್ಯವು ನಮ್ಮ ಮೈಸೂರಿನಿಂದಲೇ ಹೋದುದೆಂಬುದನ್ನು ಮರೆಮಾಡತಕ್ಕುದಿಲ್ಲ. ಬೆಳೆ ಹಾಳಾಗಿ ಊರುಗಳು ಬರಿದಾದುವು. ಕಡೆಗೆ 1799ರಲ್ಲಿ, ಸ್ವಾಮಿಗಳಿಗೆ ಮೂವತ್ತೆರಡು ವರ್ಷವಾಗಿದ್ದಾಗ, ಸರಫೋಜಿ ಮಹಾರಾಜರು ರಾಜ್ಯದ ಆಡಳಿತವನ್ನು ಕಂಪೆನಿಗೆ ಒಪ್ಪಿಸಿದರು. ಸಿಂಹಾಸನ ಉಳಿಯಿತು, ಅಧಿಕಾರ ಉಳಿಯಲಿಲ್ಲ.

ಹೊರಗೆ ಹೀಗಾದರೆ ಮನೆಯೊಳಗೂ ಕಷ್ಟವು ಕಡಿಮೆಯಿರಲಿಲ್ಲ. ಪ್ರಥಮಪತ್ನಿಯು ಅಕಾಲದಲ್ಲಿ ತೀರಿಕೊಂಡಳೆಂದೂ, ಅನಂತರ ಆಕೆಯ ತಂಗಿಯನ್ನು ವರಿಸಿದರೆಂದೂ ಹೇಳುತ್ತಾರೆ. ಅರಮನೆಯ ಆಹ್ವಾನವನ್ನು ಸ್ವಾಮಿಗಳು ನಿರಾಕರಿಸಲು, ಕೈಗೆ ಬಂದ ಭಾಗ್ಯವನ್ನು ಒದ್ದನೆಂದು ಅಣ್ಣನು ಕ್ರುದ್ಧನಾಗಿ, ಅವರು ಪೂಜಿಸುತ್ತಿದ್ದ ಶ್ರೀರಾಮನ ವಿಗ್ರಹಗಳನ್ನು ಕಾವೇರಿಗೆ ಎಸೆದನೆಂಬ ಕಥೆಯು ಶಿಷ್ಯಪರಂಪರೆಯಲ್ಲಿ ಬಂದಿದೆ. ವಿಗ್ರಹಗಳನ್ನು ಕಾಣದೆ ಅವರು ಪಟ್ಟ ಸಂಕಟವೂ, ಮರಳಿ ದೊರೆತಾಗಿನ ಆನಂದವೂ ಕೃತಿಗಳಾಗಿ ಹರಿದುವೆಂದು ಹಿರಿಯರು ಹೇಳುವರು.

ಇಂತಹ ಕಾಲದಲ್ಲಿ ಹಾಡು ಬತ್ತದೆ ಉಳಿದುದು ಹೇಗೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರವು ಅವರ ನಿತ್ಯನಿಯಮದಲ್ಲಿದೆ. ಅವರ ಜೀವನವು ಉಂಛವೃತ್ತಿಯಿಂದ ನಡೆಯುತ್ತಿತ್ತು. ಬೀದಿಯಲ್ಲಿ ಭಜನೆ ಮಾಡುತ್ತ ಹೋಗುವುದು, ಗೃಹಸ್ಥರು ನೀಡಿದ ಅಕ್ಕಿಯಿಂದ ತಾವೂ ಶಿಷ್ಯರೂ ಉಣ್ಣುವುದು, ರಾಮನಾಮಜಪ, ಪೂಜೆ, ಶಿಷ್ಯರಿಗೆ ಪಾಠ, ಇಷ್ಟೇ ದಿನಚರಿ. ದೇವರನ್ನು ಎಬ್ಬಿಸುವುದಕ್ಕೆ ಒಂದು ಹಾಡು, ನೈವೇದ್ಯಕ್ಕೆ ಒಂದು, ಮಲಗಿಸುವುದಕ್ಕೆ ಒಂದು. ಅವರ ಉತ್ಸವಸಂಪ್ರದಾಯ ಕೀರ್ತನೆಗಳು ಈ ಉಪಚಾರಗಳಿಗಾಗಿ ರಚಿತವಾದುವು. ಮನಸ್ಸು ಕಲಕಿದ ದಿನವೂ ದೇವರನ್ನು ಎಬ್ಬಿಸಲೇಬೇಕಷ್ಟೆ! ಸ್ಫೂರ್ತಿ ಬರಲೆಂದು ಕಾದು ಕುಳಿತವರು ಅವರಲ್ಲ. ಸ್ಫೂರ್ತಿಯು ಬಂದಾಗ ಮನೆಯಲ್ಲಿ ದೀಪ ಉರಿಯುತ್ತಿರುವಂತೆ ನೋಡಿಕೊಂಡವರು.

ಎರಡನೆಯದಾಗಿ, ದುಃಖವನ್ನು ಅವರು ಹಾಡಿನಿಂದ ಹೊರಗೆ ನಿಲ್ಲಿಸಲಿಲ್ಲ. ಅವರ ಕೃತಿಗಳಲ್ಲಿ ಭಕ್ತನು ದೇವರನ್ನು ಸ್ತುತಿಸುವಷ್ಟೇ ಸಲಿಗೆಯಿಂದ ಆಕ್ಷೇಪಿಸುವನು, ಮುನಿಯುವನು, ಹಂಗಿಸುವನು, ಮತ್ತೆ ಶರಣಾಗುವನು. ಆದರೆ ಆ ಭಾವಾವೇಗವು ಎಲ್ಲೆಮೀರಿ ಹರಿಯದಂತೆ ಪಲ್ಲವಿ, ಅನುಪಲ್ಲವಿ, ಚರಣಗಳೆಂಬ ದಡಗಳನ್ನು ಕಟ್ಟಿದರು. ಒಂದೇ ಪಂಕ್ತಿಯನ್ನು ಸಂಗತಿಯಿಂದ ಸಂಗತಿಗೆ ಏರಿಸುತ್ತ, ಅದೇ ಮಾತಿನಿಂದ ಹೊಸ ಹೊಸ ಭಾವವನ್ನು ಹೊರಡಿಸುವ ಕ್ರಮವನ್ನು ಅವರಷ್ಟು ಬೆಳೆಸಿದವರು ಮತ್ತೊಬ್ಬರಿಲ್ಲ. ವೇದನೆಯು ಎಲ್ಲರಿಗೂ ಇರುವುದು. ಅದಕ್ಕೆ ದಡ ಕಟ್ಟುವ ಶ್ರಮವನ್ನು ಮಾಡುವವರು ಕೆಲವರೇ.

ಮೂರನೆಯದಾಗಿ, ಹಾಡನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಶಿಷ್ಯರು ಕಲಿತು, ಬರೆದು, ಬೇರೆ ಬೇರೆ ಊರುಗಳಿಗೆ ಕೊಂಡೊಯ್ದರು. ವಾಲಾಜಾಪೇಟೆಯ ವೆಂಕಟರಮಣ ಭಾಗವತರ ಮನೆತನದ ಹಸ್ತಪ್ರತಿಗಳು ಮಧುರೆಯ ಸೌರಾಷ್ಟ್ರ ಸಭೆಯವರಿಂದ ರಕ್ಷಿಸಲ್ಪಟ್ಟುವು. ಇಂದು ದೊರೆಯುವ ಕೃತಿಗಳು ಸುಮಾರು 700. ಮತ್ತೊಬ್ಬ ಶಿಷ್ಯರಾದ ಮಾನಾಂಬುಚಾವಡಿ ವೆಂಕಟಸುಬ್ಬಯ್ಯನವರಿಂದ ಪಟ್ಣಂ ಸುಬ್ರಹ್ಮಣ್ಯ ಅಯ್ಯರಿಗೂ, ಅವರಿಂದ ನಮ್ಮ ಮೈಸೂರು ವಾಸುದೇವಾಚಾರ್ಯರಿಗೂ ಆ ವಿದ್ಯೆಯು ಇಳಿದು ಬಂದಿತು.

ಕನ್ನಡಿಗರಿಗೆ ಈ ಋಣವು ಎರಡು ಕಡೆಯದು. ತಮ್ಮ ಪ್ರಹ್ಲಾದಭಕ್ತಿವಿಜಯವೆಂಬ ಗೇಯನಾಟಕದಲ್ಲಿ ಸ್ವಾಮಿಗಳು ನಮ್ಮ ಪುರಂದರದಾಸರಿಗೆ ವಂದನೆ ಸಲ್ಲಿಸಿದ್ದಾರೆ. ಆ ವಂದನೆಗೆ ಪ್ರತಿವಂದನೆಯೋ ಎಂಬಂತೆ, ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು, ಪಾಳುಬಿದ್ದಿದ್ದ ಸ್ವಾಮಿಗಳ ಸಮಾಧಿಯ ಸ್ಥಳದಲ್ಲಿ ತಮ್ಮ ಸ್ವಂತ ಸಂಪಾದನೆಯಿಂದ ಗುಡಿಯನ್ನು ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದರು. ಆಗ ಆರಾಧನೆಯಲ್ಲಿ ಹಾಡುವುದಕ್ಕೆ ಸ್ತ್ರೀಯರಿಗೆ ಅವಕಾಶವಿರಲಿಲ್ಲ. ಆ ಅವಕಾಶಕ್ಕಾಗಿಯೂ ಆ ಧೀರಮಹಿಳೆಯು ಹೋರಾಡಿ ಗೆದ್ದರು.

ಸ್ವಾಮಿಗಳು ಅಂತ್ಯಕಾಲದಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, 1847ನೆಯ ಜನವರಿ 6ರಂದು ದೇಹವನ್ನು ಬಿಟ್ಟರು. ಎಂಟೇ ವರ್ಷಗಳಲ್ಲಿ, 1855ರಲ್ಲಿ, ತಂಜಾವೂರಿನ ಕಡೆಯ ಅರಸನು ಪುತ್ರಸಂತಾನವಿಲ್ಲದೆ ತೀರಿಕೊಳ್ಳಲು, ಹೆಸರಿಗಿದ್ದ ರಾಜ್ಯವೂ ಕಂಪೆನಿಯ ಪಾಲಾಯಿತು. ಬೊಕ್ಕಸವಿದ್ದ ಅರಮನೆಯು ತನ್ನನ್ನು ಉಳಿಸಿಕೊಳ್ಳಲಿಲ್ಲ. ಹಿಡಿಯಕ್ಕಿಯಿಂದ ಬಾಳಿದ ಮನೆಯ ಹಾಡು ಉಳಿಯಿತು. ಸ್ವಾಮಿಗಳು ಸಂದು ನೂರು ವರ್ಷ ತುಂಬಿದ 1947ರಲ್ಲಿ ಭಾರತಕ್ಕೆ ರಾಜ್ಯವು ಮರಳಿ ಬಂದಿತು. ಹಾಡು ಮಾತ್ರ ಮರಳಿ ಬರಬೇಕಾಗಿರಲಿಲ್ಲ. ಅದು ಎಂದೂ ನಮ್ಮ ಕೈಬಿಟ್ಟು ಹೋಗಿರಲೇ ಇಲ್ಲ.

ಹಾಡು ಕಟ್ಟುವ ತರುಣರಲ್ಲಿ ನಾವು ಅರಿಕೆ ಮಾಡಿಕೊಳ್ಳುವುದು ಇಷ್ಟೇ. ಒಳ್ಳೆಯ ಕಾಲಕ್ಕಾಗಿ ಕಾಯಬೇಡಿರಿ. ದಿನಕ್ಕೊಂದು ಹೊತ್ತನ್ನು ಹಾಡಿಗೆ ಮೀಸಲಿಡಿರಿ. ಅಳುವಿದ್ದರೆ ಅದಕ್ಕೆ ರಾಗತಾಳಗಳ ಕಟ್ಟುಹಾಕಿರಿ. ಕಟ್ಟಿದುದನ್ನು ನಾಲ್ವರಿಗೆ ಕಲಿಸಿರಿ. ಕಾಲವು ಕೆಟ್ಟುದಾದರೆ ಹಾಡಿನ ಅವಶ್ಯಕತೆಯು ಹೆಚ್ಚುವುದೇ ಹೊರತು ಕಡಮೆಯಾಗದು.